ಮಿರಗದ ಮಳೆಗೆ ಮೊದಲು ಮುಂದಿನ ಗಾಲಿ

ಹಳೆಯ ಜೀಪು ಸಾಕಿದ ಮನೆಯಲ್ಲಿ ನಗುವಂಥದ್ದು ವಾರಕ್ಕೊಂದಾದರೂ ಆಗಿಯೇ ಆಗುತ್ತದೆ. ಆಗಲಿಲ್ಲವೆಂದರೆ ಆ ವಾರ ಜೀಪು ಬಾಗಿಲ ಮುಂದೆಯೇ ಕೆಟ್ಟು ನಿಂತಿದೆ ಎಂದು ತಿಳಿಯಬೇಕು. ಆಗಲೂ ನಗುವವರಿಗೇನು ಕಡಿಮೆಯಿಲ್ಲ, ಆದರೆ ಅವರು ಓಣಿಯ ಮಂದಿ.

ನಮ್ಮ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಎಡಕ್ಕೂ ಬಲಕ್ಕೂ ಮಗ್ಗದ ಸಪ್ಪಳ, ನಡುವೆ ನಮ್ಮವರ ಸುತ್ತಿಗೆಯ ಸಪ್ಪಳ. ನಮ್ಮವರು ಅಂದರೆ ನನ್ನ ಗಂಡ, ಜೀಪು ಮಿಸ್ತ್ರಿ. ಮಂದಿಯ ಜೀಪು ರಿಪೇರಿ ಮಾಡಿ ಮಾಡಿ, ಕೊನೆಗೆ ತಾವೇ ಒಂದನ್ನು ತಂದು ಬಾಗಿಲಿಗೆ ಕಟ್ಟಿದರು. ಮಿಲಿಟರಿಯವರು ಹರಾಜು ಹಾಕಿದ್ದು. ಯಾವುದೋ ದೊಡ್ಡ ಯುದ್ಧ ನೋಡಿ ಬಂದ ಗಾಡಿ ಅಂತ ಅವರಿಗೆ ಹೆಮ್ಮೆ. "ಯುದ್ಧದಾಗ ಸಾಯಲಾರದ್ದು ನಮ್ಮ ಬಾಗಿಲಾಗ ಸಾಯಾಕ ಬಂದೈತಿ" ಅಂತ ನಾನು.

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಕಲ್ಲು, ಮಳೆ ಬಿದ್ದರೆ ಅಂಟು. ಜೂನ್ ತಿಂಗಳಲ್ಲಿ ಮಿರಗ, ಅಂದರೆ ಮೃಗಶಿರಾ ನಕ್ಷತ್ರ, ಕೂಡಿ ಮಳೆ ಒಂದು ಬಿದ್ದರೆ ಸಾಕು, ಮುಂಡರಗಿ, ಶಿರಹಟ್ಟಿ ಕಡೆಯ ಒಳಹಳ್ಳಿಗಳಿಗೆ ಬಸ್ಸು ಬಂದ್. ಎತ್ತುಗಳು ಕೂಡ ಕಾಲು ಕಿತ್ತಿಡಲಾರವು. ಆಗ ಓಡುವುದು ಮಿಲಿಟರಿ ಜೀಪು ಒಂದೇ. ಉಳಿದ ಗಾಡಿಗಳಲ್ಲಿ ಹಿಂದಿನ ಗಾಲಿ ಮಾತ್ರ ನೂಕುತ್ತವೆ. ಇದರಲ್ಲಿ ಹಿಂದಿನವು ನೂಕಿದರೆ ಮುಂದಿನವು ಜಗ್ಗುತ್ತವೆ. ಬಾಣಂತಿಯರು, ಬೀಗರು, ಮಾಸ್ತರರು, ಕಂಪೌಂಡರು, ಎಲ್ಲರೂ ಮಳೆಗಾಲದಲ್ಲಿ ನಮ್ಮವರನ್ನು ಹುಡುಕಿಕೊಂಡು ಬರುವರು. ಆ ನಾಲ್ಕು ತಿಂಗಳ ದುಡಿಮೆಯ ಮೇಲೆ ನಮ್ಮ ವರ್ಷದ ಒಲೆ ಉರಿಯಬೇಕು.

ಎಮರ್ಜೆನ್ಸಿ ಮುಗಿದ ಮರುವರ್ಷ ಇರಬೇಕು, ಶಿವರಾತ್ರಿಯ ಹೊತ್ತಿಗೆ ನಮ್ಮ ಜೀಪಿನ ಮುಂದಿನ ಗಾಲಿಗಳು ಜಗ್ಗುವುದನ್ನು ಬಿಟ್ಟವು. ಎಂಜಿನ್ನಿನ ಜೋರನ್ನು ಗಾಲಿಗೆ ಮುಟ್ಟಿಸುವ ಕಬ್ಬಿಣದ ದಂಡಗಳಿರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಆಕ್ಸೆಲ್ ಅನ್ನುತ್ತಾರೆ. ಎರಡೂ ಸವೆದು ಹೋಗಿದ್ದವು. ಜೊತೆಗೆ ಒಂದು ಬೇರಿಂಗು, ಒಂದು ಬ್ರೇಕ್ ಡ್ರಮ್ಮು. ಸುದ್ದಿ ಹೇಗೋ ಹುಬ್ಬಳ್ಳಿಯ ಭಾವನವರಿಗೆ, ಅಂದರೆ ನಮ್ಮವರ ಅಣ್ಣನಿಗೆ, ಮುಟ್ಟಿತು. ಅವರು ಹೇಳಿ ಕಳಿಸಿದರು: "ಮಿರಗದೊಳಗ ಗಾಡಿ ತಯಾರಾತು, ಚಲೋ. ಇಲ್ಲಂದ್ರ ಗುಜರಿಗೆ ಹಾಕಿ ಇಬ್ಬರೂ ಹುಬ್ಬಳ್ಳಿಗಿ ಬರ್ರಿ. ನನ್ನ ಲಾರಿ ಹೊಡಿಯಾಕ ಮನಿ ಮನಶ್ಯಾನ ಬೇಕು."

ಲಾರಿ ಹೊಡೆಯುವುದು ನಮ್ಮವರು. ನಾನು ಹೋಗಬೇಕಾದದ್ದು ಭಾವನವರ ಹೆಂಡತಿಯ, ಅಂದರೆ ನನ್ನ ನೆಗೆಣ್ಣಿಯ, ಅಡುಗೆಮನೆಗೆ. ಮದುವೆಯಾದ ಹೊಸದರಲ್ಲಿ ಎರಡು ವರ್ಷ ಆಕೆಯ ಕೈಕೆಳಗೆ ಬಾಳೇವು ಮಾಡಿದವಳು ನಾನು. ಉಪ್ಪಿನ ಡಬ್ಬಿಗೂ ಕೀಲಿ ಹಾಕುವ ಹೆಣ್ಣುಮಗಳು. ಆ ಬೇಸಿಗೆ ಆಕ್ಸೆಲ್ ಹುಡುಕಿದ್ದು ನಮ್ಮವರು ಎಂದು ಮಂದಿ ಅನ್ನುತ್ತಾರೆ. ಅನ್ನಲಿ.

೧. ನೇರ ಬೊಂಬಾಯಿಯಿಂದ

ಮೊದಲು ಬೇರಿಂಗು. ಗದಗಿನ ಸ್ಟೇಶನ್ ಕಡೆಗೆ ಒಂದು ಪಾರ್ಟಿನ ಅಂಗಡಿ ಇತ್ತು. ಅಂಗಡಿಕಾರನಿಗೆ ಹಣೆ ತುಂಬ ವಿಭೂತಿ, ಬಾಯಿ ತುಂಬ ಬೊಂಬಾಯಿ. ಏನು ಕೇಳಿದರೂ "ನೇರ ಬೊಂಬಾಯಿಂದ ಬಂದದ್ದು" ಅನ್ನುವನು.

ನಮ್ಮವರು ಮಾಲನ್ನು ಕಣ್ಣಿನಿಂದ ನೋಡುವವರಲ್ಲ, ಕಿವಿಯಿಂದ ನೋಡುವವರು. ಬೇರಿಂಗನ್ನು ಬೆರಳಿಗೆ ಹಾಕಿ, ಕಿವಿಯ ಹತ್ತಿರ ಹಿಡಿದು ತಿರುಗಿಸುವರು. ಹೆಣ್ಣು ನೋಡಲು ಹೋದವರು ಹಾಡು ಕೇಳಿದ ಹಾಗೆ ಕಣ್ಣು ಮುಚ್ಚಿಕೊಂಡು ಕೇಳುವರು. ಆ ಬೇರಿಂಗು ಹೊಸ ಡಬ್ಬಿಯಲ್ಲಿತ್ತು, ಮೇಣದ ಕಾಗದದಲ್ಲಿ ಸುತ್ತಿತ್ತು, ಒಳಗೆಲ್ಲ ಗ್ರೀಸು ತುಂಬಿತ್ತು. ಸಪ್ಪಳವೇ ಇಲ್ಲ. ತಂದು ಹಾಕಿದರು. ಮುಳಗುಂದ ಮುಟ್ಟುವುದರೊಳಗೆ ಅದು ಈಯುವ ಎಮ್ಮೆಯ ಹಾಗೆ ಒದರತೊಡಗಿತು.

ತಿರುಗಿ ಒಯ್ದರೆ ಅಂಗಡಿಕಾರ, "ಮಾಲು ಚಲೋನ ಐತ್ರಿ ಮಿಸ್ತ್ರಿ, ಮುಳಗುಂದ ರಸ್ತಾ ಕೆಟ್ಟೈತಿ" ಅಂದ. ಇನ್ನೊಂದು ಕೊಟ್ಟ. ಅದೂ ಒದರಿತು. "ನಿಮ್ಮ ಕಡೆ ಮಂದಿ ಭಾಳ ತೂಕದವರು" ಅಂದ.

ನಾನು ಜೋಳ ಬೀಸಲು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಪಾಳಿಯಲ್ಲಿ ನನ್ನ ಮುಂದೆ ನಿಂತ ಹೆಣ್ಣುಮಗಳ ಮೈಯಿಂದ ಚಿಮಣಿ ಎಣ್ಣೆಯ ನಾತ. ನೋಡಿದರೆ ಆ ಅಂಗಡಿಕಾರನ ಹೆಂಡತಿ.

"ಏನ್ರಿ ಅಕ್ಕಾರ, ಕೈ ಯಾಕ ಹಿಂಗ ಬಿರದಾವು?" ಅಂದೆ.

ಪಾಪ, ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದಳು. "ಏನ್ ಹೇಳ್ಲಿ ತಂಗಿ. ದಿನಾ ಮಧ್ಯಾನ ಒಂದು ಬುಟ್ಟಿ ಹಳೇ ಬೇರಿಂಗ ಚಿಮಣಿ ಎಣ್ಣ್ಯಾಗ ತೊಳಿಬೇಕು, ಒರಸಬೇಕು, ಗ್ರೀಸ್ ತುಂಬಬೇಕು, ಕಾಗದ ಸುತ್ತಬೇಕು. ಡಬ್ಬಿ ಅಂಟಸಾಕ ನಮ್ಮ ಅತ್ತಿ. ನಾ ಬಡದ ರೊಟ್ಟಿಗೂ ಅದ ನಾತ."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಹೋಗಿ ಜಗಳಾಡಲಿ ಅಂತ ಹೇಳಿದ್ದು. ಆದರೆ ನಮ್ಮವರಿಗೆ ಜಗಳ ಬರುವುದಿಲ್ಲ, ಸುಳ್ಳೂ ಬರುವುದಿಲ್ಲ. ಮರುದಿನ ಅಂಗಡಿಕಾರ ಮೂರನೆಯ ಡಬ್ಬಿ ಮುಂದಿಟ್ಟು "ಇದು ಮಾತ್ರ ನೇರ ಬೊಂಬಾಯಿಂದ" ಅಂದಾಗ, ಇವರು ಮನಸ್ಸು ಬಿಚ್ಚಿ ಹೊಗಳಿದರಂತೆ: "ಹೌದ್ರಿ, ನಮ್ಮನಿಯಾಕಿನೂ ಹೇಳಿದ್ಲು. ನಿಮ್ಮನಿಯವರು ಭಾಳ ಸ್ವಚ್ಛ ತೊಳಿತಾರಂತ."

ಅಂಗಡಿಕಾರ ಆ ಡಬ್ಬಿ ಎತ್ತಿಕೊಂಡು ಒಳಗೆ ಹೋಗಿ, ಡಬ್ಬಿಯಿಲ್ಲದ, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಬೇರಿಂಗು ತಂದು ಕೊಟ್ಟ. ಅದಕ್ಕೆ ಯಾವ ಊರಿನ ಹೆಸರೂ ಹೇಳಲಿಲ್ಲ. ಅದು ಓಡಿತು.

೨. ಸಾಲೆಯ ಗಂಟೆ

ಬ್ರೇಕ್ ಡ್ರಮ್ಮು ಗದಗಿನಲ್ಲಿ ಒಂದು ಸಿಕ್ಕಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊಂಡು ಮನೆಗೆ ತಂದ ಮೇಲೆ ನಮ್ಮವರು ಅದನ್ನು ಹಗ್ಗಕ್ಕೆ ತೂಗಿಬಿಟ್ಟು, ನಟ್ಟು ಬಿಚ್ಚುವ ಪಾನಾದಿಂದ ಬಡಿದರು. 'ಧಪ್' ಅಂದಿತು. ಎರಕ ಹೊಯ್ಯುವಾಗ ಒಳಗೆ ಗುಳ್ಳೆ ಉಳಿದಿದ್ದರೆ ಹಾಗೆ ಅನ್ನುತ್ತದಂತೆ. ಹೊರಗೆ ಎಷ್ಟು ಹೊಳೆದರೂ ಬಡಿದಾಗಲೇ ಗೊತ್ತಾಗುವುದು. ಮನುಷ್ಯರೂ ಹಾಗೇ ಅಂತ ನನಗೆ ಅನಿಸುತ್ತದೆ, ಆದರೆ ಅವರನ್ನು ಪಾನಾದಿಂದ ಬಡಿಯಲಿಕ್ಕೆ ಬರುವುದಿಲ್ಲ. ಮಾತಿನಿಂದಲೇ ಬಡಿಯಬೇಕು.

ಶಿರಹಟ್ಟಿಯಲ್ಲಿ ಒಬ್ಬ ಮಿಸ್ತ್ರಿಯ ಹತ್ತಿರ ಕೇಳಿದೆವು, ಇಲ್ಲ ಅಂದ. ತಿರುಗಿ ಬಸ್ಸು ಹತ್ತುತ್ತಿದ್ದೆವು. ನಮ್ಮವರ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಹಾಗೇ ನಿಂತುಬಿಟ್ಟರು.

"ಕೇಳಿದೇನು?"

"ಏನು?"

"ಡ್ರಮ್ಮು! ನಮ್ಮ ಗಾಡೀದು!"

"ಅದು ಸಾಲಿ ಗಂಟಿರಿ. ಹತ್ರಿ ಮ್ಯಾಲೆ."

"ಗಂಟಿ ಅಲ್ಲಲೇ ಹುಚ್ಚಿ. ಎಡಗಾಲಿದೋ ಬಲಗಾಲಿದೋ ಅಷ್ಟ ತಿಳಿವಲ್ದು."

ಬಸ್ಸು ಬಿಟ್ಟು ಹೋಯಿತು. ಆ ದನಿ ಹಿಡಿದು ಹೋದರೆ ಖರೇನೇ, ಸಾಲೆಯ ಬೇವಿನ ಗಿಡಕ್ಕೆ ಸರಪಳಿಯಿಂದ ತೂಗುಬಿಟ್ಟಿದ್ದು ಮಿಲಿಟರಿ ಜೀಪಿನ ಡ್ರಮ್ಮು. ಯಾರು ಯಾವಾಗ ಕಟ್ಟಿದರೋ ಹೆಡ್‌ಮಾಸ್ತರರಿಗೂ ತಿಳಿದಿರಲಿಲ್ಲ. ನಮ್ಮವರು ಮುಚ್ಚುಮರೆ ಮಾಡದೆ ಹೇಳಿದರು: "ನನ್ನ ಹತ್ರ ಒಂದು ಹೊಸಾದು ಐತ್ರಿ. ಗಾಡಿಗೆ ನಡ್ಯೂದಿಲ್ಲ, ಗಂಟಿಗೆ ನಡದೀತು. ಅದನ್ನ ತಗೊಂಡು ಇದನ್ನ ಕೊಡ್ರಿ." ಮರುದಿನ ಒಯ್ದ ಹೊಸದರ ಹೊಳಪು ನೋಡಿ ಹೆಡ್‌ಮಾಸ್ತರರಿಗೆ ಖುಷಿಯೋ ಖುಷಿ. ಕಾಯಿ ಒಡೆಸಿ ಕಟ್ಟಿಸಿದರು.

ನಾಲ್ಕು ದಿನಕ್ಕೆ ಹೆಡ್‌ಮಾಸ್ತರರು ಬೆಟಗೇರಿಗೆ ನಮ್ಮ ಮನೆ ಹುಡುಕಿಕೊಂಡು ಬಂದರು. ಮುಖ ಸಣ್ಣದಾಗಿತ್ತು.

"ಏನಪಾ ಮಿಸ್ತ್ರಿ, ನಿನ್ನ ಗಂಟಿ ಬಡದ್ರ ಎರಡನೇ ಖೋಲಿಗೂ ಕೇಳವಲ್ದು. ನಿನ್ನೆ ಐದಕ್ಕ ಸಾಲಿ ಬಿಟ್ಟೀನಿ. ಯಾರಿಗೂ ಗೊತ್ತಾಗಿಲ್ಲ. ಆರೂವರಿ ತನಕ ಕುಂತು ಓದ್ಯಾರ."

"ಹುಡುಗರು ಓದಿದ್ರ ಚಲೋ ಆತಲ್ರಿ ಸರ?" ಅಂದೆ ನಾನು.

"ಹುಡುಗರದು ಬಿಡವ್ವಾ. ಒಂದೂವರಿ ತಾಸು ಹೆಚ್ಚಿಗೆ ಕಲಿಸಿಬಿಟ್ಟೇವಂತ ಮಾಸ್ತರಗಳು ನನ್ನ ಮ್ಯಾಲೆ ಅರ್ಜಿ ಬರದಾರ!"

೩. ಬೆಲ್ಟು

ಇನ್ನು ಉಳಿದದ್ದು ಆಕ್ಸೆಲ್. ಲಕ್ಷ್ಮೇಶ್ವರದ ಒಬ್ಬ ಸಾಹುಕಾರನ ಹತ್ತಿರ ನಮ್ಮಂಥದೇ ಜೀಪು ಇದೆ, ಹೆಚ್ಚಿನ ಆಕ್ಸೆಲ್ಲೂ ಉಗ್ರಾಣದಲ್ಲಿ ಬಿದ್ದಿವೆ ಎಂದು ಸುದ್ದಿ ಬಂತು. ಹೋದೆವು. ಸಾಹುಕಾರ ಇರಲಿಲ್ಲ, ಹೆಂಡತಿ ಇದ್ದಳು. ದೊಡ್ಡ ಜೀವ, ದೊಡ್ಡ ಮೂಗುತಿ, ಮಾತು ಕಡಿಮೆ. ಆಕ್ಸೆಲ್ ತೋರಿಸಿದಳು. ಜಂಗು ಹತ್ತಿ, ತುಕ್ಕು ಉದುರಿ, ಕಬ್ಬಿನ ಗಣಿಕೆಯ ಹಾಗೆ ಆಗಿದ್ದವು. ನಮ್ಮವರು ಬಡಿದು ನೋಡಿ "ಸತ್ತಾವ್ರಿ" ಅಂದರು.

ಎದ್ದು ನಿಂತೆವು. "ಕುಂಡ್ರಿ ಮಿಸ್ತ್ರಿ" ಅಂದಳು. "ಒಂದು ಮಾತು ಕೇಳೂದೈತಿ. ಫ್ಯಾನ್ ಬೆಲ್ಟ ಅಂದ್ರ ಏನು?"

"ಎಂಜಿನ್ ಮುಂದ ತಿರುಗೂ ರಬ್ಬರ್ ಪಟ್ಟಿರಿ ಅಕ್ಕಾರ. ಅದು ಹರಿದ್ರ ಎಂಜಿನ್ ಕಾದು ಗಾಡಿ ನಿಂದ್ರತೈತಿ."

"ಅದು ಸಿಗಾಕ ಎಷ್ಟು ತಿಂಗಳು ಬೇಕು?"

"ತಿಂಗಳ ಯಾಕ್ರಿ? ಗದಗಿನ್ಯಾಗ ಯಾವ ಅಂಗಡ್ಯಾಗರ ಸಿಗತೈತಿ. ಹಾಕಾಕ ಅರ್ಧಾ ತಾಸು."

ನಾನು ಚಿವುಟುವುದರೊಳಗೆ ಹೇಳಿಬಿಟ್ಟಿದ್ದರು. ಸಾಹುಕಾರನ ಜೀಪು ಮೂರು ತಿಂಗಳಿಂದ ಫ್ಯಾನ್ ಬೆಲ್ಟ್ ಹರಿದು ಮುಳಗುಂದದ ಕಡೆ ಒಂದು ಹಳ್ಳಿಯಲ್ಲಿ ನಿಂತಿತ್ತು, ಮಾಲು ಎಲ್ಲೂ ಸಿಗದೆ, ಹಾಗಂತ ಆತ ಮನೆಯಲ್ಲಿ ಹೇಳಿದ್ದು. ಅದನ್ನು ಕಾಯಲಿಕ್ಕೆ ಅಂತ ಸಾಹುಕಾರ ಪ್ರತಿ ಶನಿವಾರ ಬಸ್ಸಿಗೆ ಹೋಗುವನು, ಮಂಗಳವಾರ ಬರುವನು. ಜೀಪು ಯಾರ ಮನೆಯ ಮುಂದೆ ನಿಂತಿದೆ, ಆ ಮನೆಯಲ್ಲಿ ಯಾರಿದ್ದಾರೆ, ಆಕೆಯ ಕಿವಿಯ ಬೆಂಡೋಲೆ ಯಾರು ಮಾಡಿಸಿದ್ದು, ಇದೆಲ್ಲ ಲಕ್ಷ್ಮೇಶ್ವರದ ಅರ್ಧ ಊರಿಗೆ ಗೊತ್ತು. ನನಗೆ ಬೆಟಗೇರಿಯಲ್ಲಿ ಗೊತ್ತು. ಗೊತ್ತಿಲ್ಲದವಳು ಈಕೆ ಒಬ್ಬಳೇ.

ಶನಿವಾರ ಮಧ್ಯಾಹ್ನ ಆಕೆ ಒಂದು ಅರಿವೆಯ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಗದಗಿನ ಅಂಗಡಿಗೆ ತಾನೇ ಹೋಗಿ ಬೆಲ್ಟು ಕೊಂಡಿದ್ದಳು. "ನಡೀರಿ ಮಿಸ್ತ್ರಿ, ಹಾಕಿ ಬರೂಣು" ಅಂದಳು. ಒಣರಸ್ತೆ, ಹಿಂದಿನ ಗಾಲಿಯ ಮೇಲೇ ನಮ್ಮ ಜೀಪು ಹೋಯಿತು. ನಾನೂ ಹೋದೆ. ಹೋಗದೆ ಇರಲಿಕ್ಕೆ ನಾನೇನು ಸನ್ಯಾಸಿಯೇ?

ಸಾಹುಕಾರನ ಜೀಪು ತೊಳೆದು ಇಟ್ಟ ಎತ್ತಿನ ಹಾಗೆ ಮಿಂಚುತ್ತಿತ್ತು. ಪಕ್ಕದಲ್ಲಿ ಹೊರಸಿನ ಮೇಲೆ ಸಾಹುಕಾರ, ಬನಿಯನ್ ಮೇಲೆ, ಗಿರಮಿಟ್ಟು ತಿನ್ನುತ್ತ, ರೇಡಿಯೋ ಕೇಳುತ್ತ. ಹೆಂಡತಿಯನ್ನು ನೋಡಿ ಎದ್ದು ನಿಂತ, ಬಾಯಲ್ಲಿದ್ದ ಗಿರಮಿಟ್ಟು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಒಳಗಿದ್ದವಳು ಬಾಗಿಲು ಹಾಕಿಕೊಂಡಳು. ನಮ್ಮವರು ಮಾತ್ರ ಹೋದವರೇ ಬಾನೆಟ್ ಎತ್ತಿ, ಬಗ್ಗಿ ನೋಡಿ, ಸಂತೋಷದಿಂದ ಕೂಗಿದರು: "ಸಾವ್ಕಾರ್ರ, ಬೆಲ್ಟ ಗಟ್ಟಿಮುಟ್ಟ ಐತಲ್ರಿ! ಹೊಸಾದು!"

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚೀಲದ ಬಾಯಿ ಬಿಚ್ಚಿದಳು. ಆಕೆ ತಂದದ್ದು ಎರಡು ಬೆಲ್ಟು. ಗಾಡಿಗೆ ಒಂದೂ ಬೇಕಾಗಲಿಲ್ಲ.

೪. ನೆಗೆಣ್ಣಿ ಸಾಮಾನು ನೋಡಲು ಬಂದದ್ದು

ಮಿರಗಕ್ಕೆ ಹದಿನೈದು ದಿನ ಇತ್ತು. ಹುಬ್ಬಳ್ಳಿಯಿಂದ ನೆಗೆಣ್ಣಿ ಬಂದಿಳಿದಳು. ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ಹೋಗಿ ನನ್ನ ಭಾಂಡೆಗಳನ್ನು ಎರಡು ಸಾಲು ಮಾಡಿದಳು.

"ಈ ಕೊಡಪಾನ ಇರಲಿ, ತಗೊಂಡು ಬಾ. ಈ ಒರಳು ಬ್ಯಾಡ, ನಂದೈತಿ. ಈ ಹಂಚು ಯಾಕ ಹಿಂಗ ಕರ್ರಗೈತಿ? ಬಂದ ಮ್ಯಾಲೆ ಮೊದಲ ಅದನ್ನ ತಿಕ್ಕು."

ಆ ಮಾತು ಕೇಳಿ ನಾನು ಹಂಚನ್ನು ಎತ್ತಿ ಬೆನ್ನ ಹಿಂದೆ ಹಿಡಿದೆ. ಮಂದಿಗೆ ಇದಕ್ಕೆ ನಗೆ ಬರಬಹುದು. ಹನ್ನೊಂದು ವರ್ಷ ಆ ಹಂಚಿನ ಮೇಲೆ ನಾನು ಬೇಕಾದಾಗ ಬೇಕಾದಷ್ಟು ರೊಟ್ಟಿ ಬೇಯಿಸಿದ್ದೆ. ಯಾರನ್ನೂ ಕೇಳಿರಲಿಲ್ಲ. ಕೇಳದೆ ಹಿಟ್ಟು ತೆಗೆಯುವ ಸುಖ, ಕೇಳಿ ತೆಗೆದವರಿಗೆ ಮಾತ್ರ ಗೊತ್ತು.

ಗಾಡಿ ಇನ್ನೂ ಗಟ್ಟಿ ಇದೆ ಎಂದು ತೋರಿಸಲು ನಮ್ಮವರು ಅತ್ತಿಗೆಯನ್ನು ಕೂರಿಸಿಕೊಂಡು ಹರ್ತಿ ಹಳ್ಳಿಯ ಕಡೆ ಹೊರಟರು, ನಾನೂ ಹತ್ತಿದೆ. ಹೊಲದ ದಾರಿ ಹಿಡಿಯಬೇಡಿ ಅಂದೆ. ಹಿಡಿದರು. ಹಿಂದಿನ ದಿನ ಒಂದು ಅಡ್ಡಮಳೆ ಬಿದ್ದಿತ್ತು. ಜೀಪು ಹಿಂದಿನ ಗಾಲಿ ಹೂತು ಕುಳಿತಿತು. "ಅತ್ತಿಗಿ, ಚೂರು ನೂಕ್ರಿ" ಅಂದರು. ನೆಗೆಣ್ಣಿ ಇಳಿದು, ಸರಿಯಾಗಿ ಗಾಲಿಯ ಹಿಂದೆಯೇ ನಿಂತು ನೂಕಿದಳು. ಗಾಲಿ ತಿರುಗಿತು. ಹಳ್ಳದ ಎಮ್ಮೆ ಎದ್ದು ಬಂದ ಹಾಗೆ ತಲೆಯಿಂದ ಕಾಲಿನ ತನಕ ಎರೆಮಣ್ಣು, ಕಣ್ಣು ಎರಡೇ ಬಿಳಿ.

"ಮಿರಗ ಕೂಡಿದ ಮೂರನೇ ದಿನ ಲಾರಿ ಕಳಸ್ತೀವಿ" ಅಂದಳು, ಮಣ್ಣು ಉಗುಳುತ್ತ. "ಗಂಟು ಕಟ್ಟಿ ಕುಂಡ್ರು."

ನಾನು ನಗಲಿಲ್ಲ. ದೊಡ್ಡವಳು, ನಗಬಾರದು. ಜೀಪಿನ ಆ ಕಡೆ ಹೋಗಿ ನಕ್ಕೆ.

೫. ಪಾಲಾದ ಜೀಪು

ನಮ್ಮ ಪಕ್ಕದ ನೇಕಾರರ ಮನೆಗೆ ಮುಂಡರಗಿಯಿಂದ ಇಬ್ಬರು ಹೆಣ್ಣುಮಕ್ಕಳು ಸೀರೆಗೆ ಬಂದಿದ್ದರು. ಒಂದೇ ದಡಿಯ ಎರಡು ಸೀರೆ ಆರಿಸಿ, ಒಬ್ಬರ ಹೆಗಲ ಮೇಲೆ ಒಬ್ಬರು ಹಾಕಿ ನೋಡಿ, ಸಣ್ಣ ಹುಡುಗಿಯರ ಹಾಗೆ ನಗುತ್ತಿದ್ದರು. ಅಕ್ಕತಂಗಿಯರೇನ್ರಿ ಅಂದೆ. ನೆಗೆಣ್ಣಿಯರು ಅಂದರು. ನನಗೆ ನಂಬಿಕೆಯೇ ಆಗಲಿಲ್ಲ.

"ನಮ್ಮ ಗಂಡಂದಿರು ಏಳು ವರ್ಷಾತು ಮಾತಾಡಿಲ್ರಿ" ಅಂದಳು ದೊಡ್ಡವಳು. "ನಾವೂ ಮಾತಾಡಬಾರದಂತ ಆಣಿ ಹಾಕ್ಯಾರ. ಅದಕ್ಕ ಅಕಿ ಹಲ್ಲು ತೋರಸಾಕಂತ ಗದಗಿಗೆ ಬರ್ತಾಳ, ನಾ ಕಣ್ಣು ತೋರಸಾಕಂತ ಬರ್ತೀನಿ."

"ಎಂಥಾ ಜಗಳರಿ ಅದು?"

"ಜೀಪಿಂದು."

ನನ್ನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

ನಡೆದದ್ದು ಇಷ್ಟು. ತಂದೆ ತೀರಿದ ಮೇಲೆ ಮನೆ ಪಾಲಾಯಿತು. ಪಂಚರು ಕುಳಿತು ಹೊಲ ಹಂಚಿದರು, ಎತ್ತು ಹಂಚಿದರು, ಮನೆಯ ನಡುವೆ ಗೋಡೆ ಎಬ್ಬಿಸಿದರು, ಬಾವಿಯ ನೀರನ್ನು ಕೂಡ ಒಂದು ದಿನ ಇವನಿಗೆ ಒಂದು ದಿನ ಅವನಿಗೆ ಅಂದರು. ಉಳಿದದ್ದು ತಂದೆಯ ಮಿಲಿಟರಿ ಜೀಪು. ಅಣ್ಣ ಬಿಡಲೊಲ್ಲ, ತಮ್ಮ ಬಿಡಲೊಲ್ಲ. ಮಾರಿ ರೊಕ್ಕ ಹಂಚಿಕೊಳ್ಳಿ ಅಂದರೆ ಇಬ್ಬರೂ ಒಲ್ಲರು. ಪಂಚರಿಗೂ ಮಧ್ಯಾಹ್ನದ ಊಟಕ್ಕೆ ಹೊತ್ತಾಗಿತ್ತು. ಒಬ್ಬ ಮಿಸ್ತ್ರಿಯನ್ನು ಕರೆಸಿ ಜೀಪನ್ನು ಪೂರಾ ಬಿಚ್ಚಿಸಿ, ಅಂಗಳದಲ್ಲಿ ಎರಡು ಗುಡ್ಡೆ ಮಾಡಿದರು. ಎಂಜಿನ್ನು ಅಣ್ಣನಿಗೆ, ಗೇರು ತಮ್ಮನಿಗೆ. ಮುಂದಿನ ಆಕ್ಸೆಲ್ ಬಲಗಡೆಯದು ಅಣ್ಣನಿಗೆ, ಎಡಗಡೆಯದು ತಮ್ಮನಿಗೆ.

"ಇಬ್ಬರೂ ಅಮಾಸಿಗೊಮ್ಮೆ ತಮ್ಮ ತಮ್ಮ ಪಾಲಿಗೆ ಗ್ರೀಸ್ ಹಚ್ಚತಾರ್ರಿ" ಅಂದಳು ಸಣ್ಣವಳು. "ಅವ ಸೋತು ಕೊಡತಾನ, ನಾ ಜೀಪು ಕೂಡಸ್ತೀನಂತ ಇಬ್ಬರಿಗೂ ಆಸೆ. ನನ್ನ ಕಾಲು ಉಳಕಿದಾಗ ಎಣ್ಣಿ ಹಚ್ಚಿದವರಲ್ಲ."

ಮರುದಿನವೇ ನಮ್ಮವರನ್ನು ಎಳೆದುಕೊಂಡು ಮುಂಡರಗಿಗೆ ಹೋದೆ. ಅಣ್ಣ ಗೋಣಿಚೀಲ ಬಿಚ್ಚಿದ, ಒಳಗೆ ಹಳೆಯ ರೇಷ್ಮೆ ಸೀರೆಯ ತುಂಡು, ಅದರೊಳಗೆ ಆಕ್ಸೆಲ್. ನಮ್ಮವರು ಪಾನಾ ತಾಗಿಸಿದರು. 'ಠಣ್' ಅಂದದ್ದು ಬಹಳ ಹೊತ್ತು ಮೊಳಗುತ್ತಲೇ ಇತ್ತು. ನಮ್ಮವರ ಕಣ್ಣಲ್ಲಿ ನೀರು. ನಾನು ನಿಂತು ವಿಚಾರ ಮಾಡಿದೆ. ಮಾರುವವನ ಅಂಗಡಿಯಲ್ಲಿ ಇಲ್ಲದ ಮಾಲು, ಸಾಹುಕಾರನ ಉಗ್ರಾಣದಲ್ಲಿ ಸತ್ತ ಮಾಲು, ಇಲ್ಲಿ ಇಬ್ಬರ ಹಟದಲ್ಲಿ ಹೊಸದಾಗಿ ಉಳಿದಿದೆ. ಅಕ್ಕರೆಯಿಂದ ಇಟ್ಟ ಎಷ್ಟೋ ಸಾಮಾನು ಜಂಗು ಹಿಡಿದದ್ದು ನಾನೇ ನೋಡಿದ್ದೇನೆ.

"ಸಣ್ಣಾಂವನ ಕಡೆ ಹೋಗಿದ್ರೇನು?" ಅಂದ ಅಣ್ಣ. "ಅಂವ ಕೊಡ್ತಾನಂದ್ರ ನಾ ಕೊಡೂದಿಲ್ಲ."

"ನಮಗ ಎರಡೂ ಬೇ—" ಅಂದರು ನಮ್ಮವರು. ನಾನು ಅವರ ಕಾಲು ತುಳಿದೆ.

"ಇನ್ನೂ ಹೋಗಿಲ್ರಿ ಯಪ್ಪಾ" ಅಂದೆ. "ಆದ್ರ ನೀವ ವಿಚಾರ ಮಾಡ್ರಿ. ನಿಮ್ಮ ಬಲಗಡೇದು ಊರು ಬಿಟ್ಟು ಹೋತಂದ್ರ, ಅವರು ಏಳು ವರ್ಷ ಕಾಯ್ದ ಎಡಗಡೇದು ಏನಾತು?"

ಅಣ್ಣ ಮೀಸೆ ತಿರುವಿದ. ಮುಖದ ಮೇಲೆ ನಿಧಾನಕ್ಕೆ ಬೆಳಗಾಯಿತು. "ಗುಜರಿ!" ಅಂದ.

"ನಾ ಅನ್ನಲಿಲ್ರಿ. ನೀವ ಅಂದ್ರಿ."

ರೊಕ್ಕ ಎಣಿಸಿಕೊಂಡು ತಾನೇ ಚೀಲಕ್ಕೆ ಹಾಕಿ ಕೊಟ್ಟ. ಅಲ್ಲಿಂದ ಹೊರಟು, ಓಣಿ ಸುತ್ತಿ, ಗೋಡೆಯ ಆ ಕಡೆಯ ಬಾಗಿಲಿಗೆ ಹೋಗಿ ತಮ್ಮನಿಗೆ ಅದೇ ಮಾತು ಹೇಳಿದೆ. ತಮ್ಮ ಇನ್ನೂ ಜೋರಾಗಿ ನಕ್ಕ, ಅವಲಕ್ಕಿಯನ್ನೂ ಕೊಟ್ಟ.

ಬಸ್ಸಿನಲ್ಲಿ ನಮ್ಮವರ ಕಾಲ ಹತ್ತಿರ ಚೀಲದೊಳಗೆ ಎರಡು ಆಕ್ಸೆಲ್ಲೂ ಒಂದಕ್ಕೊಂದು ಬಡಿದು ಠಣ್ ಠಣ್ ಅನ್ನುತ್ತಿದ್ದವು. ಕಂಡಕ್ಟರು ಬೈದ. ಏಳು ವರ್ಷದ ಮೇಲೆ ಭೇಟಿಯಾಗಿವೆ, ಮಾತಾಡಿಕೊಳ್ಳಲಿ ಅಂತ ನಾನು ಚೀಲದ ಬಾಯಿ ಸಡಿಲ ಮಾಡಿದೆ.

೬. ಯಾರ ಗಾಲಿ ಜಗ್ಗಿತು

ಮಿರಗ ಕೂಡಿದ ದಿನವೇ ಮಳೆ ಸುರಿಯಿತು. ಹುಬ್ಬಳ್ಳಿಯ ಲಾರಿ ಬರಲು ಎರಡು ದಿನ. ಅದರೊಳಗೆ ಜೀಪು ಎರೆಮಣ್ಣಿನಲ್ಲಿ ಒಂದು ಸಲ ಹೋಗಿ ಬಂದರೆ ಊರೆಲ್ಲ ಸುದ್ದಿಯಾಗುತ್ತದೆ, ಬಾಡಿಗೆ ಸಾಲುಗಟ್ಟುತ್ತವೆ, ಭಾವನವರ ಬಾಯಿ ಬಂದ್. ಹೂತು ಕುಳಿತರೆ ನನ್ನ ಹಂಚು ಹುಬ್ಬಳ್ಳಿಗೆ.

ಮೊದಲ ಬಾಡಿಗೆ ಮುಂಡರಗಿಯಿಂದಲೇ ಬಂತು, ಆ ಅಣ್ಣನಿಂದ. ಒಳಹಳ್ಳಿಯಲ್ಲಿ ಅವರ ತಂಗಿ ಹಡೆದಿದ್ದಳು, ಕೂಸನ್ನು ತೊಟ್ಟಿಲಿಗೆ ಹಾಕಲು ಸೋದರಮಾವ ಬೇಕೇ ಬೇಕು. ನಮ್ಮವರ ಜೊತೆ ನಾನೂ ಹೋದೆ. ಅಣ್ಣ ಮುಂದಿನ ಸೀಟಿನಲ್ಲಿ ಬಲಗಡೆ ಕುಳಿತ. ಮಿಲಿಟರಿ ಗಾಡಿ, ಸ್ಟೇರಿಂಗು ಎಡಕ್ಕೆ. ಅಷ್ಟರಲ್ಲಿ ಛತ್ರಿ ಹಿಡಿದು ತಮ್ಮನೂ ಬಂದ. ಅವನೂ ಸೋದರಮಾವನೇ, ಬೇರೆ ಗಾಡಿಯೂ ಇಲ್ಲ. ಛತ್ರಿ ಮಡಿಸಿ ಹಿಂದೆ ನನ್ನ ಎದುರಿಗೆ ಹತ್ತಿದ.

ಅಣ್ಣ ಕೈ ಇಳಿಬಿಟ್ಟು ಬಲಗಾಲಿಯನ್ನು ತಟ್ಟಿ, ಗಾಳಿಗೆ ಹೇಳಿದ: "ಇದರಾಗ ಇರೂದು ನಂದು."

ತಮ್ಮ ಇಳಿದು ಹೋಗಿ ಎಡಗಾಲಿಯನ್ನು ತಟ್ಟಿ ಬಂದ: "ಇದರಾಗ ಇರೂದು ನಂದು."

ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನಾನು ಮೋಡ ನೋಡಿದೆ.

ದಾರಿಯಲ್ಲಿ ಒಂದು ಹಳ್ಳ. ನೀರು ಮೊಣಕಾಲಿನಷ್ಟು, ಕೆಳಗೆ ಕೆಸರು. ನಡುವೆ ಹೋಗಿ ಜೀಪು ನಿಂತಿತು. ನಮ್ಮವರು ಮುಂದಿನ ಗಾಲಿಗೆ ಜೋರು ಕೊಟ್ಟರು. ಬಲಗಾಲಿ ಗರಗರ ತಿರುಗಿ ಕೆಸರು ಆಕಾಶಕ್ಕೆ ಹಾರಿಸಿತು. ಎಡಗಾಲಿ ಅಲುಗಲಿಲ್ಲ. ನಾನು ಮನಸ್ಸಿನಲ್ಲೇ ಹಂಚನ್ನು ಹುಬ್ಬಳ್ಳಿಯ ಗಂಟಿಗೆ ಕಟ್ಟಿದೆ.

ಅಣ್ಣ ಬಲಕ್ಕೆ ನೋಡಿದ, ಎಡಕ್ಕೆ ಬಗ್ಗಿ ನೋಡಿದ. ಏಳು ವರ್ಷದ ಮೇಲೆ ತಮ್ಮನ ಕಡೆ ತಿರುಗಿ ಬಾಯಿ ಬಿಟ್ಟ: "ಲೇ! ನಿನ್ನ ಗಾಲಿ ಯಾಕ ಸುಮ್ಮ ಕುಂತೈತಿ? ನಂದೊಂದ ದುಡಿಬೇಕೇನು?"

"ನಿಂದು ದುಡ್ಯಾಕ ಹತ್ತೈತೋ ಕುಣ್ಯಾಕ ಹತ್ತೈತೋ ನೋಡ್ಕೋ ಮೊದಲ!" ಅಂದ ತಮ್ಮ.

ನಮ್ಮವರು ಸಮಾಧಾನದಿಂದ ಹೇಳಿದರು: "ತಿರಗೂದು ಅಂದ್ರ ಜಗ್ಗೂದಲ್ರಿ. ಬಲಕ್ಕ ಕೆಳಗ ಗಟ್ಟಿ ನೆಲ ಇಲ್ಲ. ಅದರ ಮ್ಯಾಲೆ ಭಾರ ಬಿದ್ರ ಎರಡೂ ಕೂಡಿ ಜಗ್ಗತಾವು. ಇಬ್ಬರೂ ಬಲಗಡೆ ಮಡ್‌ಗಾರ್ಡಿನ ಮ್ಯಾಲೆ ಕುಂಡ್ರಿ."

"ಅವನ ಗಾಲಿ ಮ್ಯಾಲೆ ನಾ ಯಾಕ ಕುಂಡ್ರಲಿ?" ಅಂದ ತಮ್ಮ.

"ಹಂಗಾರ ಹಳ್ಳದಾಗ ಕುಂಡ್ರಿ" ಅಂದೆ ನಾನು. "ನೀರು ಏರಾಕ ಹತ್ತೈತಿ. ಕೂಸಿಗೆ ಹೆಸರು ಮುಂದಿನ ಮಿರಗಕ್ಕ ಇಡೂಣು."

ಕುಳಿತರು. ಆ ಮಡ್‌ಗಾರ್ಡು ಒಂದು ಮಣೆಯಷ್ಟು ಅಗಲ. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿ ಹಿಡಿಯದೆ ಕೂರಲಿಕ್ಕೆ ಬರುವಂತಿರಲಿಲ್ಲ. ಬಲಗಾಲಿ ನೆಲ ಹಿಡಿಯಿತು, ಎಡಗಾಲಿ ಎಚ್ಚರಾಯಿತು, ಜೀಪು ನರಳಿ ನರಳಿ ದಂಡೆ ಹತ್ತಿತು. ಇನ್ನು ಇಳಿದು ಒಳಗೆ ಬನ್ನಿ ಅಂದರೆ ಕೇಳುವವರಾರು? ಏಳು ವರ್ಷದ ಬೈಗಳು ಬಾಕಿ ಇದ್ದವು. ಯಾರ ಗಾಲಿ ಜಗ್ಗಿತು ಅಂತ ಶುರುವಾದದ್ದು, ಅಪ್ಪ ಯಾರನ್ನು ಹೆಚ್ಚು ಹೊಡೆಯುತ್ತಿದ್ದ ಎಂಬುದಕ್ಕೆ ಬಂದು, ಊರು ಮುಟ್ಟುವಾಗ ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೆಸರು ಬಿದ್ದಿದೆ ಅಂದರು.

ಎರಡು ದಿನದಲ್ಲಿ ನಮ್ಮವರಿಗೆ ಒಂಬತ್ತು ಬಾಡಿಗೆ ಬಂದವು. ಹುಬ್ಬಳ್ಳಿಯ ಲಾರಿ ಖಾಲಿ ತಿರುಗಿ ಹೋಯಿತು.

ನಾಲ್ಕನೆಯ ದಿನ ಅಣ್ಣತಮ್ಮ ಇಬ್ಬರೂ ಕೂಡಿ, ಒಂದೇ ಬಸ್ಸಿಗೆ, ಬೆಟಗೇರಿಗೆ ಬಂದರು. ಮುಖದ ತುಂಬ ನಗು. ನನಗೂ ಸಂತೋಷವಾಯಿತು. ಕುಂಡ್ರಿ ಅಂದು ಚಹಕ್ಕೆ ಇಟ್ಟೆ.

"ಮಿಸ್ತ್ರಿ" ಅಂದ ಅಣ್ಣ, "ನಾವು ಕೂಡೀವಿ. ಅಪ್ಪನ ಜೀಪು ಕೂಡಸಬೇಕಂತೀವಿ. ಆ ಎರಡು ಆಕ್ಸೆಲ್ ತಿರುಗಿ ಕೊಡ್ರಿ. ನಿಮ್ಮ ರೊಕ್ಕ ನಿಮಗ ಕೊಡ್ತೀವಿ."

ನಮ್ಮವರು ದೇವರಂಥ ಮನುಷ್ಯ. ಎದ್ದು ಪಾನಾ ತೆಗೆದುಕೊಂಡು ಜೀಪಿನ ಕಡೆ ನಡೆದರು. ಮೊದಲ ನಟ್ಟು ಸಡಿಲಾದ ಸಪ್ಪಳ ಅಡುಗೆಮನೆಗೆ ಕೇಳಿಸಿತು.

ನಾನು ಅವರನ್ನು ತಡೆಯಲಿಲ್ಲ, ಅಣ್ಣತಮ್ಮಂದಿರಿಗೆ ಬೇಡಿಕೊಳ್ಳಲೂ ಇಲ್ಲ. ಕೂಡಿದ ಮನೆ ಮುರಿಯುವುದು ಪಾಪ, ಅಷ್ಟು ನನಗೂ ಗೊತ್ತು. ಬಂದವರ ಹತ್ತಿರ ನಾಲ್ಕು ಮಾತು ಆಡದೆ ಚಹ ಕೊಡುವುದು ನಮ್ಮ ಕಡೆ ಪದ್ಧತಿಯಲ್ಲ, ಅದಕ್ಕೆ ಚಹ ಸೋಸುತ್ತ ಒಂದೇ ಒಂದು ಮಾತು ಕೇಳಿದೆ. ಕೇಳಬಾರದಿತ್ತೇನೋ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

"ಭಾಳ ಚಲೋ ಆತು ಬಿಡ್ರಿ" ಅಂದೆ. "ಜೀಪು ಕೂಡಿಸಿದ ಮ್ಯಾಲೆ ಯಾರ ಅಂಗಳದಾಗ ನಿಂದ್ರಸ್ತೀರಿ?"

"ನಮ್ಮ ಅಂಗಳದಾಗ" ಅಂದ ಅಣ್ಣ.

"ಯಾಕ?" ಅಂದ ತಮ್ಮ.

ನಮ್ಮವರು ಸಡಿಲಾದ ನಟ್ಟನ್ನು ಮತ್ತೆ ಬಿಗಿದರು. ಅಣ್ಣ ಎರಡರ ಬಸ್ಸಿಗೆ ಹೋದ. ತಮ್ಮ ನಾಲ್ಕರ ಬಸ್ಸಿಗೆ ಹೋದ.